ನನ್ನ ಶಾಪಿನ ಹುಡುಗರು ಸೆಟ್ಟರ್ ಆದದ್ದು

ತುಮಕೂರಿನ ಹಿರೇಹಳ್ಳಿಯಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್ ಇದೆ. ಮೂರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ಒಂದು ವಿಎಂಸಿ (ಟೂಲ್ ಮೇಲಿಂದ ತಿರುಗುತ್ತಾ ಇಳಿದು ಕೊರೆಯುವ ಮಿಲ್ಲಿಂಗ್ ಮೆಷಿನ್), ಹನ್ನೊಂದು ಜನ. ನಾಲ್ಕು ವರ್ಷದ ಹಿಂದೆ ಸೆಟ್ಟಿಂಗ್, ಅಂದರೆ ಟೂಲ್ ಕಟ್ಟಿ ಅಳತೆ ಸರಿ ಬರುವಂತೆ ಮೆಷಿನ್ ಸಜ್ಜು ಮಾಡುವುದು, ಗೊತ್ತಿದ್ದದ್ದು ನನಗೊಬ್ಬನಿಗೇ. ತಂಗಿ ಮದುವೆಯ ಧಾರೆ ಹೊತ್ತಲ್ಲೂ ಫೋನ್: "ಸಾರ್, ಬೋರ್ 20 ಮೈಕ್ರಾನ್ ಜಾಸ್ತಿ ಬರ್ತಿದೆ, ಆಫ್‌ಸೆಟ್ ಎಷ್ಟು ಕೊಡ್ಲಿ?" ಆಫ್‌ಸೆಟ್ ಅಂದರೆ ಟೂಲ್ ಎಷ್ಟು ಸರಿಯಬೇಕು ಅಂತ ಮೆಷಿನ್‌ಗೆ ಕೊಡುವ ಅಂಕಿ. ಈಗ ನಾಲ್ಕು ಜನ ಸೆಟ್ಟರ್‌ಗಳಿದ್ದಾರೆ. ಲೆಕ್ಕ ನೋಡುವ ನಮ್ಮ ಭಾವ ಮೊದಲೇ ಹೆದರಿಸಿದ್ದರು: "ಎಲ್ಲ ಕಲಿಸಿಬಿಡು, ನಾಳೆ ಪೀಣ್ಯಕ್ಕೆ ಓಡ್ತಾರೆ." ಇಬ್ಬರು ಓಡಿದ್ದೂ ನಿಜ.

ಮೊದಲು ನನಗೆ ಗೊತ್ತಿದ್ದದ್ದು ಬರೀ ಕೂಗಾಡುವುದು. ಆಮೇಲೆ ಯಾವುದೋ ತರಬೇತಿಗೆ ಹೋಗಿ, ಜನರನ್ನು ಸ್ವತಂತ್ರವಾಗಿ ಬಿಡಬೇಕು ಅಂತ ಕೇಳಿಕೊಂಡು ಬಂದೆ. ಸರಿ, ಎಲ್ಲರನ್ನೂ ಬಿಟ್ಟೆ. ಗುಬ್ಬಿ ಹುಡುಗ ಲೇತಲ್ಲಿ ಹುಲಿ. ಅವನನ್ನು ವಿಎಂಸಿಗೆ ಹಾಕಿ "ನೀನೇ ನೋಡ್ಕೋ" ಅಂದೆ. ಮೂರನೇ ದಿನ ಟೂಲ್ ಆಫ್‌ಸೆಟ್ ನಂಬರ್ ತಪ್ಪಾಗಿ, ಫೇಸ್ ಮಿಲ್ ಅನ್ನುವ ದಪ್ಪ ಟೂಲ್ ನೇರ ಪೀಸ್ ಹಿಡಿಯುವ ವೈಸ್‌ಗೆ ಇಳಿಯಿತು. ಟೂಲ್ ತಿರುಗಿಸುವ ಸ್ಪಿಂಡಲ್‌ನ ಬೇರಿಂಗ್ ಹೋಯಿತು. ರಿಪೇರಿಗೆ ಹತ್ತಿರ ಹತ್ತಿರ 1.7 ಲಕ್ಷ, ಜೊತೆಗೆ ಹನ್ನೆರಡು ದಿನ ಮೆಷಿನ್ ಸುಮ್ನೆ ನಿಂತಿತ್ತು. ಹುಡುಗ ನಾಚಿಕೆಯಿಂದ ಒಂದು ವಾರ ಮುಖ ತೋರಿಸಲಿಲ್ಲ.

ಇದಕ್ಕೆ ಹೆದರಿ ಮತ್ತೆ ಉಲ್ಟಾ ಹೊಡೆದೆ. ಎಲ್ಲರಿಗೂ ಚೆಕ್‌ಲಿಸ್ಟ್, ಎರಡು ಗಂಟೆಗೊಮ್ಮೆ ಸಹಿ. ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ಬಂದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ, ಎಲ್ಲರಿಗೂ ಮೇಷ್ಟ್ರು. ಮೈಕ್ರೋಮೀಟರ್ ಟೇಬಲ್ ಮೇಲಿಟ್ಟು, "ಸ್ವಾಮಿ, ನಾನು ವಾಚಿನ ಪಿನಿಯನ್, ಅಷ್ಟು ಪುಟ್ಟ ಹಲ್ಲುಚಕ್ರ ಅಳೆದವನು" ಅಂದು ಹೊರಟೇಬಿಟ್ಟರು. ಅವರ ಮನೆಗೆ ಎರಡು ಸಲ ಹೋಗಿ ಕಾಫಿ ಕುಡಿದು ಕರೆತರಬೇಕಾಯಿತು.

ಆಗ ಒಂದು ರಟ್ಟಿನ ಮೇಲೆ ಗೆರೆ ಹಾಕಿ ಚೌಕ ಚೌಕ ಮನೆ ಎಳೆದೆ. ಒಂದು ಕಡೆ ಜನ, ಇನ್ನೊಂದು ಕಡೆ ಕೆಲಸ. ಪ್ರತಿ ಮನೆಯಲ್ಲಿ ಒಂದು ಮಾತು: ತೋರಿಸು, ಜೊತೆ ನಿಲ್ಲು, ಕೇಳು, ಬಿಡು. ಹರ್ಸಿ, ಬ್ಲಾಂಚರ್ಡ್ ಎಂಬಿಬ್ಬರು ಮ್ಯಾನೇಜ್‌ಮೆಂಟ್ ಪಂಡಿತರು 1969ರಲ್ಲೇ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದಾರೆ, ಓದಿದವರಿಗೆ ಗೊತ್ತು. ನಾನು ಎಡವಿದ್ದು ಎಲ್ಲಿ ಅಂದರೆ, ಗುರುತು ಹಾಕಬೇಕಾದ್ದು ಆಳಿಗಲ್ಲ, ಆಳು ಮಾಡುವ ಆ ಒಂದು ಕೆಲಸಕ್ಕೆ. ಗುಬ್ಬಿ ಹುಡುಗ ಲೇತಿಗೆ "ಬಿಡು", ವಿಎಂಸಿಗೆ "ತೋರಿಸು". ಮೇಷ್ಟ್ರು ಅಳತೆಗೆ "ಬಿಡು", ಆದರೆ ಪ್ರೋಗ್ರಾಮಿಂಗ್‌ಗೆ ಅವರೂ "ತೋರಿಸು". ಅದನ್ನು ಅವರೇ ನಗುತ್ತಾ ಬರೆಸಿದರು.

ಕಷ್ಟದ ಮನೆ ಎರಡನೆಯದು, "ಜೊತೆ ನಿಲ್ಲು". ಪಾವಗಡದ ಐಟಿಐ ಹುಡುಗ ಬಂದ ಹೊಸದರಲ್ಲಿ ಕುದುರೆ ಥರ ಇದ್ದ. ಆರನೇ ವಾರ ನಲವತ್ತು ಬುಷ್ ಸ್ಕ್ರ್ಯಾಪ್ ಮಾಡಿ, "ನನ್ ಕೈಲಿ ಆಗಲ್ಲ ಸಾರ್, ಊರಿಗೆ ಹೋಗ್ತೀನಿ" ಅಂದ. ಮೊದಲಾಗಿದ್ದರೆ ಸೋಮಾರಿ ಅಂತ ಕಳಿಸಿಬಿಡುತ್ತಿದ್ದೆ. ಈ ಸಲ ಇಪ್ಪತ್ತು ದಿನ, ಶಿಫ್ಟ್ ಶುರುವಾಗುವಾಗ ಅರ್ಧ ಗಂಟೆ ಪಕ್ಕದಲ್ಲಿ ನಿಂತೆ. ಆಫ್‌ಸೆಟ್ ನಾನು ಹೇಳುವ ಮೊದಲು ಅವನೇ ಹೇಳಬೇಕು. ತಪ್ಪಿದರೆ ಯಾಕೆ ತಪ್ಪಿತು ಅಂತ ಹೇಳಿಕೊಡುತ್ತಿದ್ದೆ. ಕಲಿಯೋದಕ್ಕೆ ಅಳತೆ ತಪ್ಪಿ ಬದಿಗಿಟ್ಟ ಹಳೇ ರಿಜೆಕ್ಷನ್ ಪೀಸ್‌ಗಳೇ, ಕಾಸಿನ ಖರ್ಚಿಲ್ಲ.

ಇನ್‌ಸ್ಪೆಕ್ಷನ್‌ನಿಂದ ಬಂದ ಕೊರಟಗೆರೆ ಹುಡುಗಿಗೆ ಎಲ್ಲ ಗೊತ್ತು, ನಾನಿಲ್ಲದೆ ಸೈಕಲ್ ಸ್ಟಾರ್ಟ್ (ಮೆಷಿನ್ ಓಡಿಸುವ ಬಟನ್) ಒತ್ತಲು ಮಾತ್ರ ಭಯ. ಅಲ್ಲಿ ಪಾಠ ಬೇಕಿರಲಿಲ್ಲ, ಮೂರನೇ ಮನೆ, "ಕೇಳು". "ನೀನೇನಂತೀಯಮ್ಮ?" ಅಂತ ಕೇಳಿ ಟೀ ಕುಡಿಯಲು ಹೋಗಿಬಿಡುತ್ತಿದ್ದೆ. ಅಂಗಡಿ ದೂರದ್ದೇ ನೋಡಿಕೊಂಡಿದ್ದೆ.

ಮಧ್ಯೆ ಒಂದು ಎಡವಟ್ಟು ಪ್ರಯೋಗವೂ ಆಯಿತು. ರಿಜೆಕ್ಷನ್ ಸೊನ್ನೆ ಬಂದ ಶಿಫ್ಟ್‌ಗೆ 200 ರೂಪಾಯಿ ಬಹುಮಾನ ಅಂದೆ. ಮೂರು ವಾರ ಎಲ್ಲರದ್ದೂ ಸೊನ್ನೆ. ಆಮೇಲೆ ನೋಡಿದರೆ ಕೆಟ್ಟ ಪೀಸ್‌ಗಳು ಲೋಹದ ಚೂರು ತುಂಬುವ ಚಿಪ್ಸ್ ಡ್ರಮ್ಮಿನ ತಳದಲ್ಲಿ! ಬೈಯಲಿಲ್ಲ, ಬಹುಮಾನ ನಿಲ್ಲಿಸಿದೆ.

ಒಂದು ಮನೆಯಿಂದ ಮುಂದಿನ ಮನೆಗೆ ಯಾವಾಗ ದಾಟಿಸಬೇಕು ಅನ್ನುವುದಕ್ಕೆ ಶನಿವಾರ ಸಂಜೆ ಒಂದು ಪರೀಕ್ಷೆ ಇದೆ. ಅದೇನು ಅಂತ ಹೇಳುವುದಿಲ್ಲ, ನನ್ನ ಹುಡುಗರೂ ಇದನ್ನು ಓದುತ್ತಾರೆ.

ನೂರಕ್ಕೆ ಆರೇಳು ಇದ್ದ ರಿಜೆಕ್ಷನ್ ಈಗ ಎರಡರ ಆಸುಪಾಸು. ತಿಂಗಳಿಗೆ ಮೂವತ್ತೈದು, ನಲವತ್ತು ಸಾವಿರ ಉಳಿಯುತ್ತಿದೆ. ಸೆಟ್ಟರ್‌ಗಳ ಸಂಬಳ ಏರಿಸಿದ್ದು ಅದರಿಂದಲೇ. ಭಾವ ಈಗಲೂ ಗೊಣಗುತ್ತಾರೆ.

ಹೋದ ತಿಂಗಳು ಧರ್ಮಸ್ಥಳಕ್ಕೆ ಹೋಗಿದ್ದೆ. ಎರಡು ದಿನದಲ್ಲಿ ಒಂದೇ ಫೋನ್, ಗುಬ್ಬಿ ಹುಡುಗನದ್ದು. "ಸಾರ್, ಕೂಲಂಟ್ ಆಯಿಲ್ ಖಾಲಿ. ಬೀರು ಕೀ ಎಲ್ಲಿಟ್ಟಿದ್ದೀರಿ?"