ಅಂಗಿಯ ತೋಳು ತೋರಿಸಿದ ಅಳತೆ: ಹೆರಿಗೆ ವಾರ್ಡಿನಲ್ಲಿ ನನ್ನ ಅನುಭವ

ಯಾದಗಿರಿ ಜಿಲ್ಲೆಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿಗೆ ಶುಶ್ರೂಷಾಧಿಕಾರಿಯಾಗಿ ಸೇರಿದ ಮೊದಲ ವರ್ಷಗಳಲ್ಲಿ ನಾನು ಹುಟ್ಟಿದ ಕೂಸಿನ ತೂಕವನ್ನು ಬಹಳ ಜೋಪಾನವಾಗಿ ನೋಡುತ್ತಿದ್ದೆ. ಉದ್ದವನ್ನು ಮಾತ್ರ ರೂಢಿಯಂತೆ ಬರೆದು ಮುಗಿಸುತ್ತಿದ್ದೆ. ನೆತ್ತಿಯಿಂದ ಹಿಮ್ಮಡಿಯವರೆಗೆ ಕೂಸಿನ ಮೈಮೇಲೆಯೇ ಟೇಪು ಹಾಯಿಸುತ್ತಿದ್ದುದರಿಂದ ಹೊಟ್ಟೆಯ ಉಬ್ಬು, ಮೊಣಕಾಲಿನ ಮಡಿಕೆ ಎಲ್ಲವೂ ಆ ಅಂಕಿಯೊಳಗೆ ಸೇರುತ್ತಿದ್ದವು. ದಿನ ತುಂಬಿದ ಕೂಸು ಸುಮಾರು 50 ಸೆಂ.ಮೀ. ಇರುತ್ತದೆಂದು ಓದಿಕೊಂಡಿದ್ದ ಕೈ ಅದರ ಹತ್ತಿರದ ಅಂಕಿಯನ್ನೇ ಹುಡುಕುತ್ತಿತ್ತು.

ಒಂದು ದಿನ ಹೀಗೆಯೇ ಒಂದು ಗಂಡು ಕೂಸಿಗೆ 49 ಎಂದು ಬರೆದೆ. ಮರುದಿನ ಬೆಳಿಗ್ಗೆ ಆ ಕೂಸಿನ ಅಜ್ಜಿ ಮನೆಯಿಂದ ತಂದಿದ್ದ ಹಳೆಯ ಅಂಗಿ ತೊಡಿಸಿ ನನ್ನನ್ನು ಕರೆದರು. "ಸಿಸ್ಟರ್, ಸ್ವಲ್ಪ ಇಲ್ಲಿ ನೋಡ್ರಿ. ನಮ್ಮ ಹಿರೀ ಮಗಳ ಕೂಸಿಗಿ ಇದೇ ಅಂಗಿ ಸರೀ ಆಗಿತ್ತು. ಈ ಕೂಸಿಗಿ ಮೈ ಸರೀ ಅದ, ತೋಳಷ್ಟೇ ಇಷ್ಟು ಉದ್ದ ಉಳೀತದ" ಎಂದರು. ತೋಳಿನ ತುದಿಯಲ್ಲಿ ಎರಡು ಬೆರಳಿನಷ್ಟು ಬಟ್ಟೆ ಖಾಲಿ ಜೋತಿತ್ತು. ನಾನು ಕೂಸನ್ನು ಇನ್‌ಫ್ಯಾಂಟೋಮೀಟರಿನಲ್ಲಿ, ಅಂದರೆ ತಲೆಗೂ ಕಾಲಿಗೂ ಹಲಗೆಯಿರುವ ಅಳತೆಪಟ್ಟಿಯಲ್ಲಿ, ಮಲಗಿಸಿ ಮತ್ತೊಬ್ಬ ಸಿಸ್ಟರ್ ನೆರವಿನಿಂದ ಅಳೆದೆ. ಉದ್ದ 46 ಸೆಂ.ಮೀ., ತೊಡೆ ಕೂಡುವಲ್ಲಿನ ಮೂಳೆಯಿಂದ ಹಿಮ್ಮಡಿಯವರೆಗಿನ ಕೆಳಭಾಗ 15.5, ತಲೆಯ ಸುತ್ತಳತೆ 37. ಉಳಿದ ಮೇಲ್ಭಾಗ 30.5 ಎಂದಾಗ, ಅದನ್ನು ಕೆಳಭಾಗದಿಂದ ಭಾಗಿಸಿದ ಅನುಪಾತ ಸುಮಾರು 1.97 ಆಯಿತು. ಹುಟ್ಟಿದಾಗ ಅದು 1.7ರ ಹತ್ತಿರ ಇರಬೇಕು. ಹಿಂದಿನ ದಿನ ನಾನು ಬರೆದ ಅಂಕಿ ಆ ಕೂಸಿನದಾಗಿರಲಿಲ್ಲ, ನನ್ನ ಅಂದಾಜಿನದಾಗಿತ್ತು. ಅಂದಿನಿಂದ ನಾನು ಅಳೆಯುವ ಕ್ರಮವನ್ನೇ ಬದಲಾಯಿಸಿಕೊಂಡೆ.

ದೊಡ್ಡವರ ಮೈಯ ನಡುಬಿಂದು ತೊಡೆ ಕೂಡುವಲ್ಲಿ ಇದ್ದರೆ, ಹುಟ್ಟಿದ ಕೂಸಿನದು ಹೊಕ್ಕುಳಿನ ಆಸುಪಾಸಿನಲ್ಲಿ ಇರುತ್ತದೆ. ತಲೆಯೊಂದೇ ಇಡೀ ಉದ್ದದ ಕಾಲುಭಾಗ. ಆದ್ದರಿಂದ ತಲೆ ದೊಡ್ಡದು, ಕಾಲು ಗಿಡ್ಡ ಎಂದು ಕಣ್ಣಿಗೆ ಕಾಣುವುದು ಸಹಜವೇ, ಮತ್ತು ಸಹಜವಾದ ಆ ಗಿಡ್ಡತನದ ಮರೆಯಲ್ಲಿ ಅಸಹಜವಾದದ್ದು ಸುಲಭವಾಗಿ ಅಡಗುತ್ತದೆ. ವರ್ಷಗಳು ಕಳೆದಂತೆ ಕಾಲು ಬೆಳೆದು ಅನುಪಾತ ಮೂರನೆಯ ವರ್ಷಕ್ಕೆ 1.3ರಷ್ಟಾಗಿ, ಏಳರಿಂದ ಹತ್ತು ವರ್ಷದೊಳಗೆ 1ಕ್ಕೆ ಬಂದು ನಿಲ್ಲುತ್ತದೆ.

ಉದ್ದ ಅಳೆಯಲು ಇಬ್ಬರು ಬೇಕೇ ಬೇಕು. ಒಬ್ಬರು ಕೂಸಿನ ನೆತ್ತಿಯನ್ನು ತಲೆಹಲಗೆಗೆ ತಾಗಿಸಿ, ಮುಖ ನೇರವಾಗಿ ಮೇಲೆ ನೋಡುವಂತೆ ಎರಡೂ ಕೈಯಲ್ಲಿ ಹಿಡಿಯಬೇಕು; ಇನ್ನೊಬ್ಬರು ಮೊಣಕಾಲುಗಳನ್ನು ಹಗುರವಾಗಿ ಒತ್ತಿ, ಪಾದ ನೆಟ್ಟಗಾದ ಕ್ಷಣದಲ್ಲಿ ಕಾಲುಹಲಗೆಯನ್ನು ಸರಿಸಿ ತಾಗಿಸಬೇಕು. ಒಂಬತ್ತು ತಿಂಗಳು ಮಡಚಿಕೊಂಡಿದ್ದ ಕಾಲು ಒಮ್ಮೆಲೇ ಚಾಚುವುದಿಲ್ಲ. ಒತ್ತಾಯ ಮಾಡಿದರೆ ಕೂಸು ಸೆಟೆದು ಅಳುತ್ತದೆ, ಸೊಂಟದ ಕೀಲಿಗೂ ಒಳ್ಳೆಯದಲ್ಲ. ಹಾಲು ಕುಡಿದು ಅರೆನಿದ್ದೆಯಲ್ಲಿರುವಾಗ, ವಾರ್ಮರಿನ ಬಿಸಿಯ ಕೆಳಗೆ ಅಳೆಯುವುದನ್ನು ನಾನು ರೂಢಿಸಿಕೊಂಡಿದ್ದೇನೆ. ತಲೆಯ ಬದಲು ಕುಂಡೆ ಮುಂದಾಗಿ, ಕಾಲು ಮೇಲಾಗಿ ಹುಟ್ಟಿದ ಕೂಸುಗಳ ಕಾಲು ಹಲವು ದಿನ ತಮ್ಮದೇ ಭಂಗಿಯಲ್ಲಿರುವುದರಿಂದ ಅವನ್ನು ಕೆಲವು ದಿನ ಬಿಟ್ಟು ಅಳೆಯುತ್ತೇನೆ.

ಕೆಳಭಾಗದ ಅಳತೆಯೇ ಎಲ್ಲಕ್ಕಿಂತ ಕಠಿಣ. ಹೊಕ್ಕುಳಿನಿಂದ ಕೆಳಗೆ ಬೆರಳು ಜಾರಿಸಿದಾಗ ಗಟ್ಟಿಯಾಗಿ ತಾಗುವ ಪ್ಯೂಬಿಕ್ ಮೂಳೆಯ ಮೇಲಂಚನ್ನು ಗುರುತಿಸಿ, ಅಲ್ಲಿಂದ ಹಿಮ್ಮಡಿಯವರೆಗೆ ಕಾಲಿನ ಒಳಬದಿಯಲ್ಲಿ ಹಿಗ್ಗದ ಟೇಪನ್ನು ನೇರವಾಗಿ ಹಿಡಿಯಬೇಕು. ದರ್ಜಿಯ ಬಟ್ಟೆ ಟೇಪು ಬಳಸಿದಷ್ಟೂ ಹಿಗ್ಗುವುದರಿಂದ ಅದನ್ನು ನಾನು ವಾರ್ಡಿನಿಂದಲೇ ತೆಗೆಸಿದೆ. ಒಟ್ಟು ಉದ್ದದಿಂದ ಇದನ್ನು ಕಳೆದರೆ ಮೇಲ್ಭಾಗ ಸಿಗುತ್ತದೆ. ಉದ್ದ 48.6, ಕೆಳಭಾಗ 18 ಇದ್ದರೆ ಅನುಪಾತ ಸರಿಯಾಗಿ 1.7, ಬೆರಳು ಬರೀ ಅರ್ಧ ಸೆಂ.ಮೀ. ಕೆಳಗೆ ಜಾರಿ 17.5 ಎಂದು ಬರೆದರೆ ಅದೇ ಕೂಸಿನದು 1.78 ಆಗುತ್ತದೆ. ನಮ್ಮ ಬೆರಳು ಜಾರಿದ್ದಕ್ಕೆ ಒಬ್ಬ ತಾಯಿ ತಿಂಗಳುಗಟ್ಟಲೆ ಅಂಜಿಕೆ ಹೊರಬಾರದು. ಆದ್ದರಿಂದ ಇಬ್ಬರು ಬೇರೆ ಬೇರೆಯಾಗಿ ಅಳೆದು, ಅಂಕಿಗಳು ಹೊಂದದಿದ್ದರೆ ಮೂರನೆಯ ಸಲ ಅಳೆಯುತ್ತೇವೆ.

ತಲೆಗೆ ಟೇಪು ಹುಬ್ಬಿನ ಮೇಲಿಂದ ಹಿಂದಲೆಯ ಅತಿ ಉಬ್ಬಿದ ಜಾಗಕ್ಕೆ ಹಾಯಬೇಕು. ಮೂರು ಸಲ ಅಳೆದು ದೊಡ್ಡದನ್ನು ಬರೆಯಬೇಕು. ದಿನ ತುಂಬಿದ ಕೂಸಿಗೆ ಅದು 33ರಿಂದ 35ರ ಆಸುಪಾಸು, ಎದೆಯ ಸುತ್ತಳತೆ ಅದಕ್ಕಿಂತ ಎರಡು ಮೂರು ಸೆಂ.ಮೀ. ಕಡಿಮೆ. ಹೆರಿಗೆಯಲ್ಲಿ ತಲೆ ಉದ್ದಕ್ಕೆ ಒತ್ತಿಕೊಂಡು, ಬಾತು ಬಂದಿರುವುದರಿಂದ ಮೊದಲ ದಿನದ ಅಳತೆಯನ್ನು ನಾನು ಪೆನ್ಸಿಲಿನಲ್ಲಿ ಬರೆದು, ಮೂರನೆಯ ದಿನ ಮತ್ತೆ ಅಳೆಯುತ್ತೇನೆ. ತಲೆ ದುಂಡಗಾಗಲೆಂದು ಎಣ್ಣೆ ಹಚ್ಚಿ ಒತ್ತುವ ಅಜ್ಜಿಯರಿಗೆ, ಅದು ತಾನಾಗಿಯೇ ದುಂಡಗಾಗುತ್ತದೆಂದು ತೋರಿಸಲು ಈ ಎರಡನೆಯ ಅಳತೆಯೇ ನನಗೆ ಹೆಚ್ಚು ನೆರವಾಗಿದೆ.

ನಮ್ಮ ಕಡೆಯ ಅನೇಕ ಬಸುರಿಯರು ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸದಿಂದ ಹೆರಿಗೆಗೆಂದು ಊರಿಗೆ ಬಂದವರು. ಮುಟ್ಟಿನ ತಾರೀಖು ನೆನಪಿರುವುದಿಲ್ಲ, ಸ್ಕ್ಯಾನಿನ ಕಾಗದ ಅಲ್ಲಿಯೇ ಉಳಿದಿರುತ್ತದೆ. ಇಂಥಲ್ಲಿ ತೂಕವೊಂದೇ ಏನನ್ನೂ ಹೇಳುವುದಿಲ್ಲ. 2.2 ಕೆ.ಜಿ.ಯ ಎರಡು ಕೂಸು ಪಕ್ಕಪಕ್ಕದ ಮಂಚದಲ್ಲಿದ್ದವು. ಒಂದರ ಉದ್ದ 48, ತಲೆ 33, ಎದೆ 29; ಇನ್ನೊಂದರ ಉದ್ದ 44, ತಲೆ 31, ಎದೆ 29. ಗ್ರಾಮಿನಲ್ಲಿರುವ ತೂಕವನ್ನು ನೂರರಿಂದ ಗುಣಿಸಿ ಸೆಂ.ಮೀ.ನಲ್ಲಿರುವ ಉದ್ದದ ಘನದಿಂದ ಭಾಗಿಸಿದರೆ, ಉದ್ದಕ್ಕೆ ತಕ್ಕಷ್ಟು ಮೈ ತುಂಬಿದೆಯೇ ಎಂದು ತೋರಿಸುವ ಪಾಂಡರಲ್ ಇಂಡೆಕ್ಸ್ ಸಿಗುತ್ತದೆ: ಮೊದಲನೆಯದಕ್ಕೆ ಸುಮಾರು 2, ಎರಡನೆಯದಕ್ಕೆ 2.58. ಮೊದಲನೆಯದು ಉದ್ದಕ್ಕೆ ಬೆಳೆದು ಹೊಟ್ಟೆಯೊಳಗೇ ಕೊನೆಗೆ ಬಡವಾದ ಕೂಸು. ಅದರ ಸಕ್ಕರೆ ಇಳಿಯದಂತೆ ಹೆಚ್ಚು ಎಚ್ಚರದಿಂದ ಹಾಲು ಕುಡಿಸಿ ನೋಡಬೇಕು. ಇನ್ನೊಂದು ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಚಿಕ್ಕದು. ಅದು ದಿನ ತುಂಬದೆ ಹುಟ್ಟಿತೇ ಎಂದು ವೈದ್ಯರು ಅಂಗಾಲಿನ ಗೆರೆ, ಕಿವಿಯ ಗಟ್ಟಿತನ ನೋಡಿ ಪರೀಕ್ಷಿಸಿದರು.

ಅಂಗಿಯ ತೋಳು ಉಳಿದ ಆ ಕೂಸನ್ನು ನಮ್ಮ ಮಕ್ಕಳ ವೈದ್ಯರು ನೋಡಿದಾಗ, ಮೇಲ್ತೋಳು ಮುಂಗೈಗಿಂತ ಗಿಡ್ಡವಾಗಿರುವುದೂ, ನಡುಬೆರಳು ಮತ್ತು ಉಂಗುರದ ಬೆರಳಿನ ನಡುವೆ ಸಂದು ಇರುವುದೂ ಕಂಡಿತು. ಕಲಬುರಗಿಗೆ ಕಳಿಸಿದರು, ಎಕ್ಸ್-ರೇ ನೋಡಿ ಅಕಾಂಡ್ರೊಪ್ಲೇಸಿಯಾ, ಅಂದರೆ ಕೈಕಾಲಿನ ಮೂಳೆ ಗಿಡ್ಡವಾಗಿಯೇ ಉಳಿಯುವ ಕುಬ್ಜತನ, ಎಂದರು. ಮನೆಯವರು ಗ್ರಹಣದ ದಿನ ಹೊರಗೆ ಬಂದದ್ದಕ್ಕೆಂದು ಸೊಸೆಯನ್ನು ಬೈದರು, ಸೋದರಮಾವನನ್ನು ಮದುವೆಯಾದದ್ದಕ್ಕೆಂದೂ ಒಬ್ಬರು ಆಡಿದರು. ಇದು ಎಫ್‌ಜಿಎಫ್‌ಆರ್3 ಎಂಬ ಒಂದು ಜೀನಿನ ಬದಲಾವಣೆಯಿಂದ ಆಗುವಂಥದ್ದು, ಇಂಥ ಐದು ಮಕ್ಕಳಲ್ಲಿ ನಾಲ್ವರ ತಂದೆ ತಾಯಿ ಸಾಮಾನ್ಯ ಎತ್ತರದವರೇ, ಗ್ರಹಣಕ್ಕೂ ಸೋದರಿಕೆಗೂ ಇದಕ್ಕೆ ಸಂಬಂಧವಿಲ್ಲ ಎಂದು ನಾನು ಆ ತಾಯಿಯ ಎದುರಿಗೇ ಎಲ್ಲರಿಗೂ ಹೇಳಿದೆ, ಎರಡು ಸಲ ಹೇಳಿದೆ.

ಇಂಥ ಮಕ್ಕಳ ತಲೆ ಎಷ್ಟು ಬೇಗ ಬೆಳೆಯುತ್ತಿದೆ ಎಂಬುದನ್ನು ಅವರದೇ ಆದ ಚಾರ್ಟಿನಲ್ಲಿ ಗುರುತಿಸುತ್ತ ಹೋಗಬೇಕು, ಬೆನ್ನು ಗಟ್ಟಿಯಾಗುವ ಮೊದಲು ಆಸರೆಯಿಲ್ಲದೆ ಕೂರಿಸಬಾರದು. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗೆ ಅವರು ಬಂದಾಗ ನಾನು ಟೇಪು ತೆಗೆಯುವಷ್ಟರಲ್ಲಿ ಆ ಅಜ್ಜಿ ಕೂಸಿನ ಕುಂಚಿಗೆ ಬಿಚ್ಚಿ, ತಲೆಯನ್ನು ಎರಡೂ ಕೈಯಲ್ಲಿ ನೇರವಾಗಿ ಹಿಡಿದು ನಿಂತಿರುತ್ತಿದ್ದರು.