ಕೊಬ್ಬಿನಾಮ್ಲ ಮ್ಯಾಕ್ರೊಫೇಜಿನಿಂದಲೇ ಬಂದಿತೆ?

ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಎಂಬ ನಿರೋಧಕ ಕೋಶಗಳು ಕೊಬ್ಬನ್ನೂ ಹನಿಹನಿಯಾಗಿ ಕೂಡಿಟ್ಟುಕೊಳ್ಳುತ್ತವೆ. ಆ ಸಂಗ್ರಹದಿಂದ ಪಕ್ಕದ ಅಂಗಾಂಶಕ್ಕೆ ಕೊಬ್ಬಿನಾಮ್ಲ ಸಲ್ಲುತ್ತದೆಯೇ ಎಂಬುದನ್ನು ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ನಾನು ಪರೀಕ್ಷಿಸಿದೆ. ದುಗ್ಧಗ್ರಂಥಿಯ (ಲಿಂಫ್ ನೋಡ್) ಸುತ್ತಲಿನ ಕೊಬ್ಬು ಅಲ್ಲಿನ ನಿರೋಧಕ ಕೋಶಗಳನ್ನು ಪೋಷಿಸುತ್ತದೆ ಎಂದು ಬ್ರಿಟನ್ನಿನ ಕೆರೊಲಿನ್ ಪಾಂಡ್ 1990ರ ದಶಕದಲ್ಲಿ ವಾದಿಸಿದ್ದರು. ನನ್ನ ಪ್ರಶ್ನೆ ಅದರ ತಿರುಗುಮುರುಗು.

ಬಳಸಿದ್ದು ಇಲಿಯ ಎರಡು ಕೋಶವಂಶಗಳನ್ನು, ಅಂದರೆ ಪ್ರಯೋಗಾಲಯದಲ್ಲಿ ತಲೆಮಾರುಗಟ್ಟಲೆ ಬೆಳೆಸಿಕೊಂಡು ಬರುವ ಕೋಶಗಳನ್ನು: ಮ್ಯಾಕ್ರೊಫೇಜ್ ಗುಣದ ರಾ 264.7 ಮತ್ತು ಪೋಷಕದ್ರವದಲ್ಲಿನ ಸೀರಮ್ಮನ್ನು (ರಕ್ತದ ತಿಳಿದ್ರವ) ಶೇ 2ಕ್ಕೆ ಇಳಿಸಿದಾಗ ಒಂದಕ್ಕೊಂದು ಬೆಸೆದು ಉದ್ದನೆಯ ಸ್ನಾಯುತಂತುಗಳಾಗುವ ಸಿ2ಸಿ12. ಅಡ್ಡಮಳೆಯ ಕಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಮಾಮೂಲಾದ್ದರಿಂದ, 37 ಡಿಗ್ರಿಯ ಇನ್‌ಕ್ಯುಬೇಟರನ್ನು ಜನರೇಟರ್ ಲೈನಿಗೆ ಕೊಡಿಸಿದ ಮೇಲೆಯೇ ಸ್ನಾಯುತಂತು ಬೆಳೆಸಲು ಕೈಹಾಕಿದೆ.

ಕೊಬ್ಬಿನಾಮ್ಲ ನೀರಿನಲ್ಲಿ ಕರಗದು. ಅದಕ್ಕೇ ಕೆಂಪಗೆ ಹೊಳೆಯುವ ಬಾಡಿಪಿ ಬಣ್ಣದ ಗುರುತಿನ ಕೊಬ್ಬಿನಾಮ್ಲವನ್ನು, ರಕ್ತದಲ್ಲಿ ಕೊಬ್ಬಿನಾಮ್ಲವನ್ನು ಹೊರುವ ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿ, ಕೋಶಗಳು ನುಸುಳಲಾಗದ 0.4 ಮೈಕ್ರಾನ್ ರಂಧ್ರಗಳ ಜಾಲರಿತಳದ ಬಟ್ಟಲಿನಲ್ಲಿದ್ದ ಮ್ಯಾಕ್ರೊಫೇಜ್‌ಗಳಿಗೆ ಉಣಿಸಿದೆ. ತೊಳೆದ ಮೇಲೆ ಆ ಬಟ್ಟಲನ್ನು ಸ್ನಾಯುತಂತುಗಳ ಮೇಲೆ ಇಳಿಬಿಟ್ಟೆ. ಮರುದಿನ ಸೂಕ್ಷ್ಮದರ್ಶಕದಡಿ ತಂತುಗಳ ಒಳಗೆ, ನ್ಯೂಕ್ಲಿಯಸ್ಸುಗಳ ಸಾಲಿನ ಪಕ್ಕದಲ್ಲಿ, ಕೆಂಪು ಚುಕ್ಕೆಗಳು ಕಂಡವು. ನೋಡಲು ಚಂದವೇ, ಆದರೆ ಇಷ್ಟರಿಂದ ಏನೂ ಸಾಬೀತಾಗುವುದಿಲ್ಲ. ಉಪ್ಪಿನಕಾಯಿ ಇಟ್ಟ ಪ್ಲಾಸ್ಟಿಕ್ ಡಬ್ಬಿ ಎಷ್ಟು ತೊಳೆದರೂ ಜಿಡ್ಡು ಬಿಡದಂತೆ ಜಾಲರಿಯೂ ಬಟ್ಟಲಿನ ಗೋಡೆಯೂ ಕೊಬ್ಬಿನಾಮ್ಲವನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತವೆ. ಆದ್ದರಿಂದ ತೊಳೆಯುವ ದ್ರವಕ್ಕೆ ಕೊಬ್ಬಿನಾಮ್ಲರಹಿತ ಆಲ್ಬುಮಿನ್ ಬೆರೆಸಿದೆ. ಕೋಶಗಳೇ ಇಲ್ಲದ ಬಟ್ಟಲನ್ನೂ, ಉಣಿಸಿದ ಬಳಿಕ ಫಾರ್ಮಾಲ್ಡಿಹೈಡಿನಲ್ಲಿ ಸಾಯಿಸಿದ ಮ್ಯಾಕ್ರೊಫೇಜ್‌ಗಳ ಬಟ್ಟಲನ್ನೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ನಡೆಸಿದೆ. ಈ ಎರಡು ಬಟ್ಟಲುಗಳಿಲ್ಲದ ಚಿತ್ರವನ್ನು, ಅದು ಎಷ್ಟೇ ಹೊಳೆಯಲಿ, ನಾನು ಪುರಾವೆಯೆಂದು ಒಪ್ಪುವುದಿಲ್ಲ. ಬರಿ ಬಟ್ಟಲಿನಡಿ ಮಸುಕು ಹೊಳಪು ಮಾತ್ರ ಇತ್ತು, ಸತ್ತ ಕೋಶಗಳ ಅಡಿ ಅದಕ್ಕಿಂತ ತುಸು ಹೆಚ್ಚು. ಜೀವಂತ ಕೋಶಗಳ ಅಡಿಯ ಹೊಳಪಿನಿಂದ ಇವನ್ನು ಕಳೆದು ಉಳಿದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿದೆ.

ಚುಕ್ಕೆಯಲ್ಲಿರುವುದು ಬಿಡಿ ಆಮ್ಲವೋ, ಸ್ನಾಯುಕೋಶ ಕೂಡಿಟ್ಟ ಟ್ರೈಗ್ಲಿಸರೈಡ್ ಎಂಬ ಸಂಗ್ರಹದ ಕೊಬ್ಬೋ ಎಂಬುದನ್ನು, ಕೊಬ್ಬಿನ ಬಗೆಗಳನ್ನು ಬೇರೆಬೇರೆ ಎತ್ತರಕ್ಕೆ ಏರಿಸಿ ಬಿಡಿಸುವ ತೆಳುಪದರ ಕ್ರೊಮಟೊಗ್ರಫಿ ಹೇಳಿತು: ಗುರುತಿನ ಬಹುಪಾಲು ಟ್ರೈಗ್ಲಿಸರೈಡಿನ ಎತ್ತರಕ್ಕೆ ಏರಿತ್ತು. ಕೊಬ್ಬಿನ ಹನಿಯನ್ನು ಒಡೆಯುವ ಎಟಿಜಿಎಲ್ ಕಿಣ್ವವನ್ನು ಅಟ್‌ಗ್ಲಿಸ್ಟಾಟಿನ್ ಹಾಕಿ ಮ್ಯಾಕ್ರೊಫೇಜ್‌ಗಳಲ್ಲಿ ತಡೆದಾಗ ವರ್ಗಾವಣೆ ಕುಗ್ಗಿತು. ಆದರೆ ಆ ಔಷಧ ಇಲಿಯ ಕಿಣ್ವದ ಮೇಲೆ ಕೆಲಸ ಮಾಡುವಂತೆ ಮನುಷ್ಯರ ಕಿಣ್ವದ ಮೇಲೆ ಮಾಡದು. ಮಾನವ ಕೋಶಗಳಲ್ಲಿ ಇದನ್ನೇ ನೋಡುವವರು ಆ ಕಿಣ್ವದ ಜೀನನ್ನೇ ಅಡಗಿಸಬೇಕಾಗುತ್ತದೆ.