ನಾಕು ಟ್ರೇ ತತ್ತಿ, ಒಂದು ಪೀರಿಯಡ್ ಗಣಿತ

ಹೆಡ್‌ಮಾಸ್ತರ್ ಆದಮೇಲೆ ಪಾಠ ಮಾಡೋಕೆ ಟೈಮ್ ಸಿಗುತ್ತಾ ಅಂತ ಜೊತೆಗಾರ ಶಿಕ್ಷಕರು ಆಗಾಗ ಕೇಳುತ್ತಾರೆ. ಸಿಗುವುದಿಲ್ಲ. ಕದಿಯಬೇಕು. ನಾನು ಹೇಗೆ ಕದಿಯುತ್ತೇನೆ ಅನ್ನೋದನ್ನ ಜುಲೈ ತಿಂಗಳ ಒಂದು ವಾರ ಇಟ್ಟುಕೊಂಡು ಹೇಳುತ್ತೇನೆ.

ನಮ್ಮದು ಹಾವೇರಿ ಜಿಲ್ಲೆ, ಹಾನಗಲ್ ಕಡೆಯ ಹಳ್ಳಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳನೇ ತರಗತಿವರೆಗೆ 142 ಮಕ್ಕಳು. ಗುಮಾಸ್ತರಿಲ್ಲ, ಜವಾನರಿಲ್ಲ. ಬೀಗ ತೆಗೆಯುವುದು, ಗಂಟೆ ಬಾರಿಸುವುದು, ಟಿಸಿ ಬರೆಯುವುದು, ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದು ಎಲ್ಲ ನಮ್ಮದೇ. ಚಾರ್ಜ್ ತಗೊಂಡ ದಿನ ಹಿಂದಿನವರು ಒಂದು ಕೀಲಿ ಗೊಂಚಲು ಕೊಟ್ಟು, ಎರಡು ಬೀರು ತುಂಬ ರಿಜಿಸ್ಟರ್ ತೋರಿಸಿ, "ಇನ್ನ ನಿಮ್ದು ನೋಡ್ರಿ" ಅಂದು ನಕ್ಕಿದ್ದರು. ಆ ನಗು ಯಾಕೆ ಅಂತ ಆರು ತಿಂಗಳಲ್ಲಿ ತಿಳಿಯಿತು.

ಮೊದಲ ವರ್ಷ ನಾನು ಪಾಠವನ್ನೇ ಬಿಟ್ಟಿದ್ದೆ. ಬೆಳಗ್ಗೆ ಹಾಜರಿ ಲೆಕ್ಕ, ಬಿಸಿಯೂಟದ ಅಕ್ಕಿ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ "ತುರ್ತು, ಇಂದೇ ಮಧ್ಯಾಹ್ನದೊಳಗೆ" ಅಂತ ಇನ್ನೊಂದು ನಮೂನೆ. ಲೆಕ್ಕ ಮುಗಿಸಿ ತಲೆ ಎತ್ತಿದರೆ ಹನ್ನೊಂದೂವರೆ. ಅತ್ತ ಆರನೇ ತರಗತಿ ಗಣಿತಕ್ಕೆ ಮಾಸ್ತರಿಲ್ಲ ಅಂತ ಮಕ್ಕಳು ಕಿಟಕಿ ಹತ್ತಿ ಕೂತಿರುತ್ತಿದ್ದರು. ನಾನು ಒಳಗೆ ಕೂತು ಮಾಡುತ್ತಿದ್ದುದೂ ಗಣಿತವೇ ಅಲ್ವಾ ಅಂತ ಹೊಳೆದದ್ದು ತಡವಾಗಿ.

ಈಗ ಆ ಲೆಕ್ಕ ಅವರದು. ಪ್ರಾರ್ಥನೆ ಮುಗಿದು ಹತ್ತೂಕಾಲಿಗೆ ಪ್ರತಿ ತರಗತಿಯಿಂದ ಒಂದು ಹಾಜರಿ ಚೀಟಿ ಬರುತ್ತದೆ. ಪಡಸಾಲೆಯ ಕರಿಹಲಗೆ ಮುಂದೆ ಆರು ಮತ್ತು ಏಳನೇ ತರಗತಿಯವರು ನೆಲದ ಮೇಲೆ ಕೂರುತ್ತಾರೆ. ಐದನೇ ತರಗತಿವರೆಗೆ ಒಬ್ಬರಿಗೆ 100 ಗ್ರಾಂ ಅಕ್ಕಿ, ಅದಕ್ಕಿಂತ ದೊಡ್ಡವರಿಗೆ 150 ಗ್ರಾಂ. ಬೇಳೆ 20 ಮತ್ತು 30 ಗ್ರಾಂ. ಹಾಲಿನ ಪುಡಿ ತಲೆಗೆ 18 ಗ್ರಾಂ, ಅದರಿಂದ 150 ಮಿಲಿ ಹಾಲು. ಆ ಸೋಮವಾರ ಬಂದವರು 131. ಚಿಕ್ಕವರು 89, ದೊಡ್ಡವರು 42. ಚಿಕ್ಕವರ ಅಕ್ಕಿ ಯಾರು ಬೇಕಾದರೂ ಹೇಳುತ್ತಾರೆ, 8.9 ಕೆಜಿ. 42ನ್ನು 150ರಿಂದ ಗುಣಿಸೋಕೆ ಹುಡುಗರು ತಡಕಾಡುತ್ತಾರೆ. ಆರನೇ ತರಗತಿಯ ಒಬ್ಬ ಹುಡುಗ ಮಾತ್ರ ಗುಣಿಸುವುದೇ ಇಲ್ಲ. "42ರ ಅರ್ಧ 21, ಕೂಡಿದ್ರ 63. ಆರು ಕೆಜಿ ಮುನ್ನೂರು ಗ್ರಾಂ ರೀ" ಅನ್ನುತ್ತಾನೆ. ಅವರಪ್ಪ ಸಂತೆಯಲ್ಲಿ ಮೆಣಸಿನಕಾಯಿ ತೂಗುವಾಗ ಹಂಗೇ ಲೆಕ್ಕ ಹಾಕುತ್ತಾನಂತೆ. ಆ ಉಪಾಯ ಈಗ ಇಡೀ ಕ್ಲಾಸಿಗೆ ಬಂದಿದೆ. ದಶಾಂಶ ಅಧ್ಯಾಯ ನಾನು ಬೇರೆಯಾಗಿ ಶುರು ಮಾಡಲೇ ಇಲ್ಲ.

ಹಲಗೆ ಮೇಲಿನ ಅಂಕಿಯನ್ನು ಅಡುಗೆಯವರು ಬಂದು ನೋಡಿಕೊಂಡು ಹೋಗುತ್ತಾರೆ. ಮೂವರಿದ್ದಾರೆ. ನಾನು ಅದನ್ನೇ ಫೋನಿನಲ್ಲಿ ಎಂಟ್ರಿ ಮಾಡಿ, ಫೋನನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತೇನೆ. ಹನ್ನೊಂದೂಕಾಲಿನವರೆಗೆ ಅದು ಅಲ್ಲೇ ಒದರಿಕೊಳ್ಳಲಿ. ತುರ್ತು ಅಂದದ್ದು ಒಂದು ಗಂಟೆ ತಡೆದರೆ ಏನೂ ಆಗುವುದಿಲ್ಲ, ಇಷ್ಟು ವರ್ಷದಲ್ಲಿ ಆಗಿಲ್ಲ.

ಈ ಪದ್ಧತಿಯಲ್ಲಿ ಒಂದು ಕಷ್ಟ ಇದೆ. ಮಕ್ಕಳು ನಮ್ಮ ತಪ್ಪನ್ನೂ ಹಿಡಿಯುತ್ತಾರೆ.

ನಮ್ಮಲ್ಲಿ 118 ಮಕ್ಕಳು ಮೊಟ್ಟೆ ತಿನ್ನುವವರು, 24 ಮಕ್ಕಳು ಬಾಳೆಹಣ್ಣು. ಮೂವತ್ತರ ಟ್ರೇ ನಾಕು ತಂದರೆ 120. ಕುದಿಸುವ ಮುಂಚೆ ಬಕೆಟ್ ನೀರಿಗೆ ಬಿಟ್ಟು ನೋಡುತ್ತೇವೆ. ತೇಲಿದ್ದನ್ನು ಕೆಟ್ಟದ್ದು ಅಂತ ತೆಗೆದುಬಿಡುತ್ತೇವೆ. ಆ ಸೋಮವಾರ ಮೂರು ತೇಲಿದವು, ನಾನೇ ಹಿತ್ತಲಿಗೆ ಒಗೆದೆ. ಮಾರನೇ ದಿನ ಏಳನೇ ತರಗತಿ ಹುಡುಗಿ ಹಲಗೆ ಮುಂದೆ ನಿಂತು ಹೇಳಿದಳು: "ಸರ್, ನಿನ್ನಿ ತತ್ತಿ ತಿಂದವರು 109. ನಾಕ ಟ್ರೇದಾಗ 11 ಉಳೀಬೇಕು. 8 ಅದಾವು. ಮೂರು ಎಲ್ಲಿ ಹೋದುವ್ರಿ?"

ಎಲ್ಲರೂ ನನ್ನ ಮುಖ ನೋಡಿದರು. ನನಗೆ ಬೆವರು ಬಂತು, ಸುಳ್ಳು ಹೇಳುವುದಿಲ್ಲ. ಕೆಟ್ಟಿದ್ದವು, ಒಗೆದೆ, ಬರೆಯೋಕೆ ಮರೆತೆ ಅಂದೆ. "ಹಂಗಾರ ಬರೀರಿ" ಅಂದಳು. ಸ್ಟಾಕ್ ಪುಸ್ತಕದ ಷರಾದಲ್ಲಿ "ಕೆಟ್ಟದ್ದು 3" ಅಂತ ಬರೆದು ಸಹಿ ಹಾಕಿದೆ. ತಪಾಸಣೆಗೆ ಬಂದವರು ಯಾರೂ ನನ್ನನ್ನು ಇಷ್ಟು ಸರಿಯಾಗಿ ಕೇಳಿದ್ದಿಲ್ಲ.

ಮೊಟ್ಟೆ ವಿಷಯ ಬಂತು ಅಂತ ಹೇಳಿಬಿಡುತ್ತೇನೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರುವಾದದ್ದು ಈಗ ಎಲ್ಲ ಕಡೆ ವಾರಕ್ಕೆ ಆರು ದಿನ. ಒಳ್ಳೆಯದೇ. ಮಕ್ಕಳ ಮುಖ ನೋಡಿದರೇ ಗೊತ್ತಾಗುತ್ತದೆ. ಆದರೆ ಆಗ ಒಂದಕ್ಕೆ ಸಿಗುತ್ತಿದ್ದುದು ಆರು ರೂಪಾಯಿ, ಅದರಲ್ಲೇ ಗ್ಯಾಸು, ಅದರಲ್ಲೇ ಸುಲಿಯುವ ಕೂಲಿ. ಆ ವಾರ ಅಂಗಡಿಯವನು ಆರೂವರೆ ಹೇಳಿದ. ಬರೀ ಖರೀದಿಯಲ್ಲೇ ನಾಕು ಟ್ರೇಗೆ 60 ರೂಪಾಯಿ ಜಾಸ್ತಿ. ಅದು ನನ್ನ ಜೇಬಿನದು. ನಗದು ಪುಸ್ತಕದಲ್ಲಿ ಜೇಬು ಅನ್ನುವ ಕಾಲಂ ಇಲ್ಲ.

ಸೋಮವಾರ ಕಬ್ಬಿಣಾಂಶದ ಮಾತ್ರೆಯ ದಿನವೂ ಹೌದು. ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ. ಊಟ ಆದಮೇಲೆ ಮಾತ್ರ ಕೊಡಬೇಕು, ಖಾಲಿ ಹೊಟ್ಟೆಗೆ ಕೊಟ್ಟರೆ ಓಕರಿಕೆ. ದವಡೆಯಲ್ಲಿ ಅಡಗಿಸಿ ಆಮೇಲೆ ಬೇಲಿ ಕಡೆ ಉಗುಳುವ ಜಾಣರಿದ್ದಾರೆ, ಹಾಗಾಗಿ "ಆ ಅನ್ನು, ನಾಲಿಗೆ ಎತ್ತು" ಅಂತ ಒಬ್ಬೊಬ್ಬರ ಬಾಯಿ ನೋಡುವುದು. ಬುಧವಾರ ಒಬ್ಬ ತಾಯಿ ಗಾಬರಿಯಾಗಿ ಬಂದಳು. ಮಗಳಿಗೆ ಎರಡಕ್ಕೆ ಹೋದಾಗ ಕರ್ರಗೆ ಆಗುತ್ತಿದೆಯಂತೆ. ಈ ಮಾತ್ರೆಗೆ ಹಾಗಾಗುವುದು ಸಹಜ ಅಂತ ಹೇಳಿ ಕಳಿಸಿದೆ. ತಪ್ಪು ನನ್ನದೇ, ಜೂನ್‌ನಲ್ಲೇ ಪಾಲಕರ ಸಭೆಯಲ್ಲಿ ಹೇಳಬೇಕಿತ್ತು.

ಇತ್ತ ನಮ್ಮ 63ರ ಹುಡುಗ ಸೋಮವಾರ ಲೆಕ್ಕ ಹೇಳಿ ಹೋದವನು ಮಂಗಳವಾರ ಇಲ್ಲ, ಬುಧವಾರವೂ ಇಲ್ಲ. ಮೊದಲ ದಿನ ನಾನು ಮನೆಗೆ ಹೋಗುವುದಿಲ್ಲ. ಜ್ವರ ಇರಬಹುದು, ನೆಂಟರು ಬಂದಿರಬಹುದು. ಎರಡನೇ ದಿನ ಸಂಜೆ ಹೋಗಿಯೇ ಹೋಗುತ್ತೇನೆ. ಮೂರನೇ ದಿನಕ್ಕೆ ಹುಡುಗನಿಗೂ ಮನೆಯವರಿಗೂ ರೂಢಿಯಾಗಿಬಿಡುತ್ತದೆ, ಆಮೇಲೆ ಎಳೆದು ತರುವುದು ಕಷ್ಟ. ಬುಧವಾರ ಸಂಜೆ ಬೈಕ್ ತಗೊಂಡು ಹೋದೆ. ಗೋವಿನಜೋಳ ಮೊಣಕಾಲೆತ್ತರ ಬಂದಿತ್ತು, ಎಲ್ಲರಿಗೂ ಯೂರಿಯಾದ ಚಿಂತೆ. ತಾಯಿ ಕಟ್ಟೆ ಮೇಲೆ ಕೂತಿದ್ದಳು.

"ಅವರಪ್ಪ ಗೊಬ್ಬರದ ಪಾಳೇಕ ಹೋಗ್ಯಾನ್ರಿ ಸರ್. ನಾ ಕಳೆ ತಗ್ಯಾಕ ಹೋಕ್ಕೀನಿ. ಎಮ್ಮಿ ಕಾಯಾಕ ಇವನ್ನ ಬಿಟ್ರ ಯಾರದಾರ?"

ಇಂಥ ಕಡೆ ಶಿಕ್ಷಣದ ಹಕ್ಕು ಅಂತ ಭಾಷಣ ಮಾಡಬಾರದು. ಅವಳ ದಿನಗೂಲಿ ಅವಳಿಗೆ ಗೊತ್ತು. ಎಮ್ಮೆ ಬೆಳಗ್ಗೆ ಮೇಯಿಸಿ ಹತ್ತಕ್ಕೆ ಕಟ್ಟಿದರೆ ಆಗುತ್ತಾ ಅಂತ ಕೇಳಿದೆ. ಪಕ್ಕದ ಮನೆ ಅಜ್ಜಿ ತಾನೇ ಬಾಯಿ ಹಾಕಿ, ಮೇವು ನಾನು ಹಾಕ್ತೀನಿ ಬಿಡು ಅಂದಳು. ಹುಡುಗ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಬರುವಾಗ ಹೇಳಿದೆ, ನೀ ಇಲ್ಲದ್ದಕ್ಕೆ ನಿನ್ನೆ ಅಕ್ಕಿ ಲೆಕ್ಕ ಹದಿನೈದು ನಿಮಿಷ ತಗೊಂಡಿತು ಅಂತ. ಗುರುವಾರ ಹತ್ತೂಕಾಲಿಗೆ ಮುಂದಿನ ಸಾಲಿನಲ್ಲಿದ್ದ, ಅಂಗಿಗೆಲ್ಲ ಕೆಸರು.

ಗುರುವಾರ ಮಧ್ಯಾಹ್ನವಿಡೀ ಹೆಸರು ತಿದ್ದುವ ಕೆಲಸ. ದಾಖಲಾತಿ ರಿಜಿಸ್ಟರ್‌ನಲ್ಲಿ ಹೆಸರಿನ ಕೊನೆಗೆ "ಪ್ಪ" ಇದೆ, ಆಧಾರ್‌ನಲ್ಲಿಲ್ಲ. ಇನ್ನೊಬ್ಬನಿಗೆ ಅಡ್ಡಹೆಸರು ಮುಂದೆ ಬಂದಿದೆ. ಅಪಾರ್ ಐಡಿ, ಅಂದರೆ ಪ್ರತಿ ವಿದ್ಯಾರ್ಥಿಗೆ ಕೊಡುವ ಕಾಯಂ ನಂಬರು, ಮಾಡಬೇಕಾದರೆ ಎಲ್ಲವೂ ಒಂದೇ ಇರಬೇಕು. ಹಳೇ ರಿಜಿಸ್ಟರ್ ತೆಗೆದರೆ ಇನ್ನೂ ಮಜಾ. ಅರ್ಧಕ್ಕರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ. ಹುಟ್ಟಿದ ದಿನ ನೆನಪಿಲ್ಲ ಅಂದರೆ ಆಗಿನ ಮಾಸ್ತರು ಶಾಲೆಗೆ ಸೇರಲು ಸರಿಯಾಗುವಂತೆ ಆ ತಾರೀಖು ಬರೆದುಬಿಡುತ್ತಿದ್ದರು. ನನ್ನದೂ ಜೂನ್ 1. ನಾನು ಹುಟ್ಟಿದ್ದು ಸುಗ್ಗಿ ಕಾಲದಲ್ಲಿ ಅಂತ ನಮ್ಮವ್ವ ಹೇಳುತ್ತಾಳೆ.

ಶುಕ್ರವಾರ ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆ. ಹೋದೆ, ಬಂದೆ. ಆದರೆ ಅವತ್ತೂ ಹತ್ತೂಕಾಲಿನ ಲೆಕ್ಕ ನಿಲ್ಲಲಿಲ್ಲ. ಚಿಕ್ಕ ತರಗತಿಗಳ ನಲಿ-ಕಲಿ ನೋಡಿಕೊಳ್ಳುವ ನಮ್ಮ ಅಕ್ಕೋರು ಪಡಸಾಲೆಗೆ ಒಂದು ಕಣ್ಣಿಟ್ಟಿದ್ದರಂತೆ. ಹುಡುಗರು ತಾವೇ ಮಾಡಿ, ಹಲಗೆ ಕೆಳಗೆ "ಸರ್ ಗೈರು" ಅಂತಲೂ ಬರೆದಿಟ್ಟಿದ್ದರು.

ಶನಿವಾರ ಬೆಳಗಿನ ಶಾಲೆ. ಬಿಟ್ಟಮೇಲೆ ಎಸ್‌ಡಿಎಂಸಿ, ಅಂದರೆ ಪಾಲಕರೇ ಇರುವ ಶಾಲಾ ಅಭಿವೃದ್ಧಿ ಸಮಿತಿಯ ಸಭೆ. ಕಾಂಪೌಂಡ್ ಬಿದ್ದ ಕಡೆ ಎಮ್ಮೆ ಬರುತ್ತವೆ, ಶೌಚಾಲಯದ ಬಾಗಿಲು ಮುರಿದಿದೆ, ಇವು ಎರಡು ವರ್ಷದಿಂದ ನಡಾವಳಿ ಪುಸ್ತಕದಲ್ಲಿ ಇವೆ. ಈ ಸಲ ಒಬ್ಬ ಸದಸ್ಯ ಬಾಗಿಲಿಗೆ ತಗಡು ತಾನೇ ಹಾಕಿಸುತ್ತೇನೆ ಅಂದ. ಬರೆದುಕೊಂಡೆ, ಸಹಿಯೂ ಮಾಡಿಸಿದೆ. ಆಮೇಲೆ ಮೊಟ್ಟೆ ಪುಸ್ತಕ ಕೇಳಿದರು. "ಕೆಟ್ಟದ್ದು 3" ನೋಡಿ ಅಧ್ಯಕ್ಷರು ಯಾಕೆ ಅಂದರು. ಹುಡುಗಿ ಕೇಳಿದ್ದನ್ನು ಹೇಳಿದೆ. ಸಭೆಯಲ್ಲಿ ಅವಳಪ್ಪನೂ ಇದ್ದ. ಏನೂ ಮಾತಾಡಲಿಲ್ಲ, ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಬೀಗ ಹಾಕುವಾಗ ಅಂಗಡಿಯವನ ಫೋನು.

"ಸರ್, ತತ್ತಿ ರೇಟ್ ಮತ್ತ ಹತ್ತು ಪೈಸೆ ಏರೇತ್ರಿ. ಸೋಮವಾರಕ್ಕ ನಾಕ ಟ್ರೇ ತಗದಿಡ್ಲೇನು?"

"ಇಡಪಾ," ಅಂದೆ. "ತೇಲೂವು ಇದ್ರ ವಾಪಸ್ ತರತೀನಿ ಮತ್ತ."